ಕಚೇರಿಯೊಳಗೊಂದು ಕಚೇರಿ

ನಮ್ಮ ಬೀದಿಯ ರಾಮನವಮಿ ಸಂಗೀತ ಕಚೇರಿಯನ್ನು ಇಂಟರ್ನೆಟ್ ರೇಡಿಯೋದಲ್ಲಿ ಬಿತ್ತರಿಸುತ್ತೇನೆಂದು ನಾನೇ ಬಾಯಿಬಿಟ್ಟೆ. ಪಾನಕ ಹಂಚುವ ಕೆಲಸದಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಅದು. ಬಾಡಿಗೆಯ ಲಿನಕ್ಸ್ ಸರ್ವರಿನಲ್ಲಿ ಐಸ್‌ಕಾಸ್ಟ್ ಎಂಬ ಬಿತ್ತರಿಸುವ ತಂತ್ರಾಂಶ ಕೂರಿಸಿದೆ. ಅದರಲ್ಲಿ ಮೊದಲೇ ಬರೆದಿಟ್ಟ ಕೇಳುಗರ ಮಿತಿ 100. ಅದನ್ನು ಅಳಿಸಿ 2000 ಎಂದು ಬರೆದೆ, ಅಡಿಗೆಭಟ್ಟರಿಗೆ ಎಲೆಯ ಲೆಕ್ಕ ಹೇಳುವ ಗತ್ತಿನಲ್ಲಿ.

ವಿದ್ವಾಂಸರು ಕಾಂಬೋಜಿ ಹಿಡಿದರು. ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿ ಕೇಳುಗರು ಸಾವಿರದ ಹತ್ತಿರ ಬಂದರು. ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಚಿಕ್ಕಮ್ಮನ ಫೋನು: “ಏನೋ ಇದು, ಯಾರದೋ ಫೋನ್ ಬಂತು ಅಂತ ಆರಿಸಿದೆ, ಮತ್ತೆ ಒಳಗೇ ಬಿಡ್ತಿಲ್ಲ!” ಟವೆಲ್ ಹಾಸದೆ ಎದ್ದ ಬಸ್ ಸೀಟಿನ ಕಥೆ. ಒಳಗಿದ್ದವರಿಗೆ ಗಾನಾಮೃತ, ಹೊಸಬರಿಗೆ ಮುಚ್ಚಿದ ಬಾಗಿಲು.

ಐಸ್‌ಕಾಸ್ಟಿನ ದಾಖಲೆ ತೆರೆದು ನೋಡಿದರೆ ದೋಷ ಸಂಖ್ಯೆ 24: ತೆರೆದಿಟ್ಟ ಫೈಲುಗಳು ಹೆಚ್ಚಾದವು! ನಾನು ಯಾವ ಫೈಲು ತೆರೆದಿದ್ದೆ? ಯುನಿಕ್ಸ್ ವಂಶದವರ ಕಣ್ಣಿಗೆ ಹೆಚ್ಚುಕಡಿಮೆ ಎಲ್ಲವೂ ಫೈಲೇ. ಕೇಳುಗನ ಸಂಪರ್ಕವೂ ಅಷ್ಟೆ. ಥೇಟ್ ನಮ್ಮ ಸರ್ಕಾರಿ ಕಚೇರಿ: ಒಳಗೆ ಹೋದ ಮನುಷ್ಯ ಫೈಲಾಗಿಬಿಡುತ್ತಾನೆ. ದೇವಸ್ಥಾನದಲ್ಲಿ ಚಪ್ಪಲಿಗೆ ಕೊಡುವ ಟೋಕನ್ನಿನಂತೆ ತಲೆಗೊಂದು ಸಂಖ್ಯೆ. 0, 1, 2 ಮನೆಯವರಿಗೇ ಮೀಸಲು, ಬೀಗರ ಮುಂದಿನ ಸಾಲಿನ ಹಾಗೆ. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ಟೋಕನ್ 1024. ಐಸ್‌ಕಾಸ್ಟಿನಲ್ಲಿ ನಾನು 2000 ಬರೆದರೂ ಹತ್ತು ಸಾವಿರ ಬರೆದರೂ ಲಿನಕ್ಸಿಗೆ ಲೆಕ್ಕವಿಲ್ಲ. ಆಮಂತ್ರಣ ನನ್ನದು, ಛತ್ರ ಅದರದು.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಆರಂಭಿಸಿದಾಗ ಈ ತಲೆ ಎಣಿಸುವ ರಗಳೆ ಇರಲಿಲ್ಲ. ಅಲೆ ಹೋದಲ್ಲೆಲ್ಲ ಎಷ್ಟು ಪೆಟ್ಟಿಗೆ ಬೇಕಾದರೂ ತಿರುಗಿಸಿಕೊಳ್ಳಬಹುದು. ಇಂಟರ್ನೆಟ್ ರೇಡಿಯೋ ಹೆಸರಿಗಷ್ಟೇ ರೇಡಿಯೋ. ಒಬ್ಬೊಬ್ಬರ ಎಲೆಗೂ ಬೇರೆ ಬೇರೆಯಾಗಿ ಬಡಿಸಬೇಕು. 64 ಕಿಲೋಬಿಟ್‌ನ ಧಾರೆ ಸಾವಿರ ಜನಕ್ಕೆಂದರೆ 64 ಮೆಗಾಬಿಟ್.

ಉಪಾಯವೇನೋ ಸುಲಭವೇ: ಯುಲಿಮಿಟ್ ಎಂಬ ಆಜ್ಞೆಯಿಂದ ಮಿತಿ ಏರಿಸಿ, ಐಸ್‌ಕಾಸ್ಟನ್ನು ಮತ್ತೆ ಚಾಲೂ ಮಾಡುವುದು. ಚಾಲೂ ಮಾಡುವ ಮುನ್ನ ನಿಲ್ಲಿಸಬೇಕಲ್ಲ! ಭರದಲ್ಲಿ ನಿಲ್ಲಿಸಿಯೇಬಿಟ್ಟೆ. ಕಾಂಬೋಜಿಯ ನಡುವೆ ಅಷ್ಟೂ ಜನ ಬೀದಿಗೆ ಬಿದ್ದರು. ಮರಳಿ ಬರುವ ಹೊತ್ತಿಗೆ ಮಂಗಳ.

ಮರುವರ್ಷ ಮೊದಲೇ 4096 ಟೋಕನ್ ತೆಗೆದಿಟ್ಟಿದ್ದೆ. ಕೇಳಲು ಬಂದವರು 41 ಜನ, ಚಿಕ್ಕಮ್ಮನೂ ಸೇರಿ. ಪಾನಕವನ್ನೂ ನಾನೇ ಹಂಚಿದೆ.