ನಕ್ಷಾ ನನಗ ಯಾರೂ ತೋರಿಸಲಿಲ್ಲ

ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ, ನಮ್ಮ ಬೀದರ್-ಕಲಬುರಗಿಗೆ ದೂರವೇನಲ್ಲ. ಅದರ ಕೆಳಗೆ ಮಲಗಿರುವ ಬಿರುಕು (ಭೂವಿಜ್ಞಾನಿಗಳ ಬಾಯಲ್ಲಿ ಸ್ತರಭಂಗ) ಸಂದರ್ಶನಕ್ಕೆ ಒಪ್ಪಿತು. ಗಡಿಭಾಗದ ಹಿರಿಯರು, ಕನ್ನಡ ಬರುತ್ತದೆ. ದಯವಿಟ್ಟು ಎದ್ದು ಕೂರಬೇಡಿ ಎಂದು ಮೊದಲೇ ಕೈಮುಗಿದೆ.

ಪ್ರಶ್ನೆ: 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3.56ಕ್ಕೆ ಕಿಲ್ಲಾರಿಯನ್ನು ನಡುಗಿಸಿದಿರಿ. ಭೂಕಂಪ ನಕ್ಷೆಯಲ್ಲಿ ತಾವು ಆಗ ಒಂದನೇ ವಲಯದವರು, ಅಂದರೆ ಭೂಕಂಪದ ಭಯ ಎಲ್ಲಕ್ಕಿಂತ ಕಡಿಮೆ ಇರುವ ಜಾಗದವರು. ಹಾಗೆ ಮಾಡಬಹುದಿತ್ತೇ?

ಬಿರುಕು: ಆ ನಕ್ಷಾ ನನಗ ಯಾರೂ ತೋರಿಸಲಿಲ್ಲ ತಮ್ಮಾ. ಆರೂವರೆ ಕೋಟಿ ವರ್ಷದ ಹಿಂದ ಲಾವಾ ಹರಿದು ಕರಿಕಲ್ಲಾತು. ಮುನ್ನೂರು ಮೀಟರಿಗಿಂತ ದಪ್ಪ ಕಂಬಳಿ, ಅದರ ಬುಡಕ ನಾ. ಕಂಬಳಿ ನೋಡಿ 'ಇಲ್ಲಿ ಯಾರೂ ಇಲ್ಲ' ಅಂತ ಬರಕೊಂಡ್ರು.

ಪ್ರಶ್ನೆ: ಅಲುಗುವುದಕ್ಕೆ ಕಾರಣ ಬೇಕಲ್ಲ?

ಬಿರುಕು: ನಾವು ಕುಂತ ನೆಲ ಪೂರಾ ಉತ್ತರಕ್ಕ ಹೊಂಟದ, ವರ್ಷಕ್ಕ ನಾಕೈದು ಸೆಂಟಿಮೀಟರ್. ಹಿಮಾಲಯದ ಕಡೆ ತಡೆ. ಆ ಒತ್ತು ಇಲ್ಲೀತನಕ ಬರತದ. ಮಳಿಗಾಲದಾಗ ಉಬ್ಬಿದ ಬಾಗಿಲಾ ನೂಕೀ ಏನು? ನೂಕ್ತಿ, ನೂಕ್ತಿ, ಜಗ್ಗಂಗಿಲ್ಲ. ಒಮ್ಮಿಗ್ಲೇ ಧಡಲ್ ಅಂತ ತೆರೀತದ. ನಂದೂ ಅಷ್ಟ. ಎರಡು ಮಗ್ಗಲಿನ ಕಲ್ಲು ಕಚ್ಚಿಕೊಂಡಿದ್ದವು, ಜಾರಿದವು.

ಪ್ರಶ್ನೆ: ಮೇಲಿನವರಿಗೆ ಸುದ್ದಿ ಮುಟ್ಟಿದ್ದು ಹೇಗೆ?

ಬಿರುಕು: ಮೊದಲ ಪಿ ಅಲೆ. ರೈಲಿನ ಡಬ್ಬಿ ಜೋಡಿಸುವಾಗ ಡಿಕ್ಕಿ ಸಾಲುದ್ದಕ್ಕೂ ಓಡತದಲಾ, ಹಂಗ. ಗಟ್ಟಿ ಕಲ್ಲಿನಾಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಹಿಂದ ಎಸ್ ಅಲೆ, ಮೂರೂವರೆ ಕಿಲೋಮೀಟರಿನ ನಡಿಗಿ, ಕೌದಿ ಝಾಡಿಸಿದಂಗ ಅಡ್ಡಡ್ಡ. ಎರಡರ ನಡುವಿನ ಹೊತ್ತು ಅಳದು ನಾ ಎಷ್ಟು ದೂರ ಇದೀನಂತ ಹೇಳ್ತಾರ. ದ್ರವದಾಗ ಮಾತ್ರ ಎಸ್ ಅಲೆ ಸಾಗಂಗಿಲ್ಲ. ಕೌದಿ ಝಾಡಿಸಬಹುದು, ಅಂಬಲಿ ಝಾಡಿಸಾಕ ಬರತದೇನು? ಭೂಮಿಯ ಹೊರಗರ್ಭ ದ್ರವ ಅಂತ ತಿಳಿದದ್ದು ಹಿಂಗ.

ಪ್ರಶ್ನೆ: ನಮ್ಮ ಗೌರಿಬಿದನೂರಿನಲ್ಲೂ 1965ರಿಂದ ಕಂಪನಮಾಪಕಗಳು ಕಿವಿಗೊಟ್ಟು ಕೂತಿವೆ.

ಬಿರುಕು: ಗೊತ್ತದ. ಮಂದಿ ನೆಲದಡಿ ಅಣುಬಾಂಬ್ ಸಿಡಿಸ್ತಾರೇನಂತ ಕೇಳಾಕ ಇಟ್ಟಿದ್ದು. ನಾ ನಡುವ ಕೆಮ್ಮಿದೆ.

ಪ್ರಶ್ನೆ: ನಿಮ್ಮ ಭೂಕಂಪದ ಪ್ರಮಾಣ 6.2 ಮಾತ್ರ. 2001ರಲ್ಲಿ ಭುಜ್‌ನದು 7.7.

ಬಿರುಕು: ಒಂದು ಅಂಕಿ ಏರಿದ್ರ ಶಕ್ತಿ ಮೂವತ್ತೆರಡು ಪಟ್ಟು. ಮೀಟರ್ ಬಡ್ಡಿನೂ ಹಂಗ ಏರಂಗಿಲ್ಲ. ಭುಜ್ ಮುಂದ ನಾ ಕೂಸು.

ಪ್ರಶ್ನೆ: ಕೂಸಿನ ಕೈಯಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಜೀವ ಹೋಯಿತು.

(ಬಿರುಕು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ನೆಲ ಹಿಡಿದು ಕೂತೆ.)

ಬಿರುಕು: ಗಣಪತಿ ಕಳಿಸಿ ಬಂದು ದಣಿದು ಮಲಗಿದ್ರು. ಎರಡು ಮೊಳದ ಗ್ವಾಡಿ, ಕಲ್ಲಿನ ನಡುವ ಬರೇ ಮಣ್ಣು. ಮ್ಯಾಲ ಮಾಳಿಗಿ. ಸೋರತದಂತ ಮಣ್ಣು ಹಾಕಿ ಹಾಕಿ ಅದು ಗುಡ್ಡ ಆಗಿತ್ತು. ನಾ ಅಲುಗಿಸಿದೆ, ಖರೆ. ಅವರ ಮ್ಯಾಲ ಬಿದ್ದದ್ದು ಆ ಮಾಳಿಗಿ. ಗ್ವಾಡಿಗೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಬಿಗಿದಿದ್ರ ಎಷ್ಟೋ ಮಂದಿ ಹೊರಗ ಓಡಿ ಬರ್ತಿದ್ರು.

ಪ್ರಶ್ನೆ: ಮುಂದಿನದು ಯಾವಾಗ?

ಬಿರುಕು: ಯಾವ ನೂಕಿಗೆ ತೆರೀತದಂತ ಉಬ್ಬಿದ ಬಾಗಿಲಿಗೇ ಗೊತ್ತಿರಂಗಿಲ್ಲ. ತಾರೀಖು ಬೇಕಂದ್ರ ನಿಮ್ಮ ಟಿವಿ ಜ್ಯೋತಿಷಿಗೆ ಕೇಳು, ಅಂವ ಹೇಳ್ತಾನ.

ಬೆಂಗಳೂರಿಗೆ ಬಂದವನೇ ನಕ್ಷೆ ಬಿಡಿಸಿ ನೋಡಿದೆ. 2002ರ ಪರಿಷ್ಕರಣೆಯಲ್ಲಿ ಕಿಲ್ಲಾರಿಗೆ ಮೂರನೇ ವಲಯಕ್ಕೆ ಬಡ್ತಿ ಸಿಕ್ಕಿದೆ. ಆ ನಕ್ಷೆಯಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿದೆ. ಒಂದನೇ ವಲಯವನ್ನು ಅಳಿಸಿಯೇ ಹಾಕಿದ್ದಾರೆ.