ರಾಯರ ಕಳಾವರ್ ಏಳು

ಇಸ್ಪೀಟಿನಲ್ಲಿ ಸೋಲುವವರು ಎಲ್ಲ ಊರುಗಳಲ್ಲಿಯೂ ಉಂಟು. ಆದರೆ ಸೋಲನ್ನು ಇಷ್ಟು ಆಸ್ಥೆಯಿಂದ, ಇಷ್ಟು ನಿಯಮಬದ್ಧವಾಗಿ ಸಂಪಾದಿಸುವ ಮಹನೀಯರು ಕ್ಲಬ್ಬಿಗೆ ಒಬ್ಬರಂತೆ ಮಾತ್ರ ಅವತರಿಸುತ್ತಾರೆ. ನಮ್ಮ ಕ್ಲಬ್ಬಿನ ರಮ್ಮಿ ಮೇಜಿನಲ್ಲಿ ಆ ಸ್ಥಾನವನ್ನು ಅಲಂಕರಿಸಿದವರು ನಿವೃತ್ತ ಶಿರಸ್ತೇದಾರರಾದ ರಾಯರು.

ಮಹಾರಾಜರ ಸರ್ಕಾರದ ಉಪ್ಪುಂಡ ಅವರಿಗೆ ರಾಜರಾಣಿಯರನ್ನು ಬೀದಿಗೆ ಬಿಸುಡುವುದು ರಾಜದ್ರೋಹವೆಂದೇ ತೋರುತ್ತಿತ್ತೋ ಏನೋ, ಸೋತಾಗ ತಲೆಗೆ 10 ಅಂಕದಂತೆ ಕಂದಾಯ ತೆರಬೇಕಾದ ಆ ಪರಿವಾರವನ್ನು ಗುಲಾಮನ ಸಮೇತ ಕಡೆಯವರೆಗೂ ಪೋಷಿಸುತ್ತಿದ್ದರು. ಕೈ ಕೆಟ್ಟಿದ್ದರೆ ಮೊದಲ ಸರದಿಯಲ್ಲಿಯೇ 20 ಅಂಕ ಕೊಟ್ಟು ಡ್ರಾಪ್ ಮಾಡಬಹುದು, ನಡುವೆ ಬಿಟ್ಟರೆ 40, ಕುಳಿತೇ ಸೋತರೆ 80ರವರೆಗೆ ಎಂಬ ಸರಳ ಗಣಿತ ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ಆಡದೆಯೇ ಎಲೆ ಕೆಡಹುವುದು ಹೇಡಿತನವೆಂದು ಅವರ ಮತ. ತೆರೆದ ರಾಶಿಯಿಂದ ಆಟೀನ್ ಒಂಬತ್ತನ್ನು ಎತ್ತಿಕೊಂಡರೆ, ಮುಖ ಅರಳುವುದರಿಂದಲೂ ಎಲೆ ಸೇರಿದ ಮೂಲೆಯಿಂದಲೂ ಅವರ ಕೈಯೆಲ್ಲ ನಮಗೆ ಪಹಣಿಯಂತೆ ಓದಬರುತ್ತಿತ್ತು; ಆ ಬಳಿಕ ಎಂಟು ಹತ್ತುಗಳನ್ನು ನಾವು ಕೆಳಗಿಡುವುದುಂಟೆ? ಅವರಾದರೋ ಪಕ್ಕದವರು ಏನು ಎತ್ತಿದರೆಂದು ನೋಡದೆ, ಒಂಬತ್ತು ಎತ್ತಿದವರಿಗೆ ಮರುಕ್ಷಣವೇ ಹತ್ತನ್ನು ದಾನಮಾಡಿ, ಕಾಫಿ ತರಿಸುತ್ತಿದ್ದರು. ಆ ಕಾಫಿಯ ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ಕುಡಿದವರಲ್ಲಿ ನಾನೂ ಒಬ್ಬ.

ಇದೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಆಟ ಮುಗಿದ ಮೇಲೆ ಅವರು ನಡೆಸುತ್ತಿದ್ದ ಶವಪರೀಕ್ಷೆ. ಒಂದು ಸಂಜೆ ಅವರ ಕೈಯಲ್ಲಿ ಮೂರು ರಾಜರು, ಮೂರು ರಾಣಿಯರು, ಇಬ್ಬರು ಗುಲಾಮರು, ಮೂರು ಜೋಕರುಗಳು, ಜೊತೆಗೆ ಕಳಾವರಿನ ಆರು ಮತ್ತು ಎಂಟು ಇದ್ದುವು. ಜೋಕರು ಎಷ್ಟಿದ್ದರೇನು, ಜೋಕರಿಲ್ಲದೆ ಒಂದೇ ಜಾತಿಯ ಎಲೆಗಳು ಸಾಲಾಗಿ ಕೂಡಿದ ಶುದ್ಧವಾದ ಸೀಕ್ವೆನ್ಸೊಂದು ಇಲ್ಲದಿದ್ದರೆ ಮಿಕ್ಕುದೆಲ್ಲ ವ್ಯರ್ಥ. ಆದ್ದರಿಂದ ಕಳಾವರ್ ಏಳಕ್ಕಾಗಿ ಅವರು ತಪಸ್ಸಿಗೆ ಕುಳಿತರು. ಆರು ಏಳು ಹಿಡಿದವನಿಗೆ ಇತ್ತಣ ಐದೂ ಅತ್ತಣ ಎಂಟೂ ಒದಗುವುದರಿಂದ ಎರಡು ಕಟ್ಟಿನಲ್ಲಿ ನಾಲ್ಕು ಎಲೆಗಳ ಆಸೆ. ಆರು ಎಂಟು ಹಿಡಿದವನಿಗೆ ಎರಡರದೇ. ಆ ಎರಡರಲ್ಲಿ ಒಂದು ನನ್ನ ಕೈಯಲ್ಲಿ ಭದ್ರವಾಗಿತ್ತು. ನಾನು ಶೋ ಮಾಡಿದೆ. ಅವರ ಕೈ ಕೂಡಿದರೆ 94 ಆಗುತ್ತಿತ್ತು. ನಿಯಮವೇ ಕರುಣೆಯಿಟ್ಟು 80ಕ್ಕೆ ನಿಲ್ಲಿಸಿತು. ರಾಯರು ಮಾತನಾಡದೆ ಮುಚ್ಚಿದ ಕಟ್ಟನ್ನು ಹತ್ತಿರಕ್ಕೆಳೆದು, ಬರಲಿದ್ದ ಎಲೆಗಳನ್ನು ಒಂದೊಂದಾಗಿ ಮಗುಚತೊಡಗಿದರು. ಮುಂದಿನ ಆಟಕ್ಕೆ ಎಲೆ ಕಲಸಬೇಕಾದವರು ಕೈಕಟ್ಟಿ ಕುಳಿತರು. ಕಟ್ಟು ಮುಗಿಯಿತು, ಏಳು ಬರಲಿಲ್ಲ. ಬಿಸುಟ ರಾಶಿಯನ್ನು ಮಗುಚಿದಾಗ ಎಲ್ಲಕ್ಕೂ ಅಡಿಯಲ್ಲಿ ಅದು ಸಿಕ್ಕಿತು. ಎಂಟು ಬರುವುದಕ್ಕೆ ಮುನ್ನ, ಮೊದಲ ಸರದಿಯಲ್ಲಿ, ಅದನ್ನು ಕೆಳಗಿಟ್ಟವರು ಸ್ವತಃ ರಾಯರು!

“ನೋಡಿದಿರಾ ಮೇಷ್ಟ್ರೇ, ಒಂದೇ ಎಲೆ! ಒಂದೇ ಎಲೆಯಲ್ಲಿ ಹೋಯ್ತು!” ಎಂದರು.

1967ರಲ್ಲಿ ಆಂಧ್ರಪ್ರದೇಶದ ಮೊಕದ್ದಮೆಯೊಂದನ್ನು ವಿಚಾರಿಸಿದ ಸುಪ್ರೀಂ ಕೋರ್ಟು, ರಮ್ಮಿಯು ಮೂರೆಲೆಯಂತೆ ಕೇವಲ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಡುವ, ಇಡುವುದನ್ನೂ ಬಿಡುವುದನ್ನೂ ವಿವೇಚಿಸುವ ಕೌಶಲದ ಆಟವೆಂದು ನಿರ್ಣಯಿಸಿತು. ಪ್ರತಿವಾದದ ಸಾಕ್ಷಿಯಾಗಿ ರಾಯರನ್ನು ಯಾರೂ ಹಾಜರುಪಡಿಸದಿದ್ದುದು ನಮ್ಮಂಥ ಕ್ಲಬ್ಬುಗಳ ಪುಣ್ಯ.

ಆದರೂ ಅವರು ಮಗಳ ಮನೆಗೆಂದು ಊರು ಬಿಟ್ಟ ತಿಂಗಳಿನಲ್ಲಿ ನಮ್ಮ ಆಟ ಬಹು ಜಾಣತನದಿಂದ ನಡೆದು ಬಹು ನೀರಸವಾಯಿತು. ಎಲ್ಲರೂ ಲೆಕ್ಕ ಹಾಕುವವರೇ. ಕೆಟ್ಟ ಕೈ ಬಂದವರು ಕೂಡಲೆ ಡ್ರಾಪ್, ಒಬ್ಬರ ಮುಖವೂ ಅರಳದು, ಯಾರ ಮನೆಯ ಸಮಾಚಾರವನ್ನೂ ಯಾರೂ ವಿಚಾರಿಸರು. ಅವರು ಹಿಂದಿರುಗಿದಾಗ ನನಗಾದ ಸಂತೋಷದಲ್ಲಿ ಕಾಫಿಯ ಪಾಲೆಷ್ಟು, ಸ್ನೇಹದ ಪಾಲೆಷ್ಟೆಂದು ವಿಂಗಡಿಸಲಾರೆ. ಅಂದು, ಪಾಪಪರಿಹಾರಕ್ಕೋ ಎಂಬಂತೆ, ಎರಡೆಲೆ ನಾಲ್ಕೆಲೆಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಭಕ್ತಿಯಿಂದ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು.

ಮರುವಾರ ವರ್ಗವಾಗಿ ಬಂದ ಸಬ್‌ರಿಜಿಸ್ಟ್ರಾರರಿಗೆ, ಆ ಚೀಟಿಯನ್ನೇ ಹಿಡಿದು, ನಡುವಿನ ಎಲೆಗೆ ಕಾಯುವುದು ಎಂಥ ಅವಿವೇಕವೆಂಬುದನ್ನು ರಾಯರು ಬೋಧಿಸುತ್ತಿದ್ದರು. ಪಕ್ಕದಿಂದ ಬಗ್ಗಿ ನೋಡಿದೆ. ಅವರ ಕೈಯಲ್ಲಿ ಡೈಮನ್ ಐದು, ಡೈಮನ್ ಏಳು.

“ಇದೇನು ರಾಯರೇ?” ಎಂದೆ.

“ಆ ಲೆಕ್ಕ ಕಲಿಯುವವರಿಗೆ ಮೇಷ್ಟ್ರೇ,” ಎಂದು ಪಿಸುಗುಟ್ಟಿದರು. “ನನಗೆ ಈ ಆರು ಬಂದೇ ಬರುತ್ತೆ.”