ಶ್ರೀಮಾನ್ ವಾಯಿದೆರಾಯರ ಸನ್ನಿಧಾನಕ್ಕೆ ಒಂದು ಬಹಿರಂಗ ಬಿನ್ನಹ

ಮಹಾರಾಜಶ್ರೀ ವಾಯಿದೆರಾಯರವರಿಗೆ,

ಉಭಯಕುಶಲೋಪರಿ ಸಾಂಪ್ರತವೆಂದು ಮೊದಲುಮಾಡುವುದು ನಮ್ಮ ಹಿರಿಯರ ಪತ್ರಲೇಖನದ ಪದ್ಧತಿ. ತಾವು ಕುಶಲದಿಂದಿರುವಿರೆಂಬ ವಿಷಯದಲ್ಲಿ ನನಗೆ ಲೇಶಮಾತ್ರವೂ ಸಂದೇಹವಿಲ್ಲದ ಕಾರಣದಿಂದಲೂ, ತಮ್ಮ ಕೃಪಾಛತ್ರದ ಅಡಿಯಲ್ಲಿ ಪ್ರಯಾಣ ಮಾಡಿದವರೆಲ್ಲರ ಕುಶಲವನ್ನು ಅಷ್ಟೇ ನಿಶ್ಚಯವಾಗಿ ಹೇಳಲಾರದ ಕಾರಣದಿಂದಲೂ, ಆ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ವಿಷಯಕ್ಕೆ ಬರುತ್ತೇನೆ.

ತಮ್ಮ ಮೂಲಸ್ಥಾನಗಳಾದ ಕೋರ್ಟುಕಚೇರಿಗಳಲ್ಲಿಯೂ ಸಾಹುಕಾರರ ಪಡಸಾಲೆಗಳಲ್ಲಿಯೂ ತಾವು ನಡೆಸಿಕೊಂಡು ಬಂದಿರುವ ಪರೋಪಕಾರವನ್ನು ನಾನು ಅಲ್ಲಗಳೆಯತಕ್ಕವನಲ್ಲ. ಮಳೆ ಕೈಕೊಟ್ಟ ವರ್ಷ ಕಂದಾಯ ಕಟ್ಟಲಾರದ ರೈತನಿಗೆ, ಮಗಳ ಮದುವೆಯ ಸಾಲವನ್ನು ತೀರಿಸಲಾರದ ಗುಮಾಸ್ತನಿಗೆ, ಸಾಕ್ಷಿಗಳು ಹಾಜರಾಗದ ಕಕ್ಷಿದಾರನಿಗೆ ತಾವೇ ಗತಿ. ಅಲ್ಲಿ ಕೊಡುವವನೂ ಮನುಷ್ಯ, ಪಡೆಯುವವನೂ ಮನುಷ್ಯ. ಇಬ್ಬರೂ ಕಾಗದಕ್ಕೆ ರುಜು ಹಾಕಿರುತ್ತಾರೆ. ಅವಧಿ ಮೀರಿದರೆ ಬಡ್ಡಿ ಏರೀತೇ ಹೊರತು ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ತಾವು ಹೆಲಿಕಾಪ್ಟರುಗಳ ನೆತ್ತಿಯ ಮೇಲೂ ಆಸನ ಹಾಕಿಕೊಂಡು, ಸವೆದ ಸ್ಟಡ್ಡಿಗೂ ದಣಿದ ಗೇರಿಗೂ ಅದೇ ಔದಾರ್ಯದಿಂದ ವಾಯಿದೆಯನ್ನು ದಯಪಾಲಿಸುತ್ತಿರುವಿರೆಂಬುದನ್ನು ಓದಿ ತಿಳಿದಂದಿನಿಂದ, ಈ ವ್ಯವಹಾರದಲ್ಲಿ ಎದುರು ಕಕ್ಷಿಯಾದ ಲೋಹವು ಯಾವ ಕಾಗದಕ್ಕೆ ರುಜು ಹಾಕಿರುವುದೆಂಬ ಪ್ರಶ್ನೆಯು ನನ್ನನ್ನು ಬಾಧಿಸುತ್ತಿದೆ.

ಹೆಲಿಕಾಪ್ಟರೆಂಬುದು ಎಂತಹ ವಾಹನವೆಂಬುದನ್ನು ತಮಗೆ ವಿವರಿಸುವುದು ಉದ್ಧಟತನವಾದೀತು. ಆದರೂ ಈ ಪತ್ರ ಬಹಿರಂಗವಾದುದರಿಂದ ಇತರರಿಗಾಗಿ ಎರಡು ಮಾತು. ವಿಮಾನಕ್ಕೆ ಅಲುಗಾಡದ ರೆಕ್ಕೆಗಳುಂಟು; ಎಂಜಿನು ಮೌನವ್ರತ ಹಿಡಿದರೂ ಅದು ಕೊಂಚ ದೂರ ತೇಲಿಕೊಂಡು ಹೋಗಬಲ್ಲುದು. ಹೆಲಿಕಾಪ್ಟರಿಗೆ ತಿರುಗುವ ಅಲಗುಗಳೇ ರೆಕ್ಕೆಗಳು. ಅದರ ಎಂಜಿನು ನಿಂತರೂ, ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದ ರೋಟರು ಸುತ್ತುತ್ತಲೇ ಇದ್ದು, ಚಾಲಕನು ಚತುರನಾಗಿದ್ದಲ್ಲಿ ಮೆಲ್ಲನೆ ನೆಲ ಮುಟ್ಟಿಸಬಹುದು. ಆದರೆ ಆ ರೋಟರನ್ನು ಹಿಡಿದು ನಿಲ್ಲಿಸಿರುವ ಭಾಗವೇ, ಅದನ್ನು ತಿರುಗಿಸುವ ಗೇರ್‌ಬಾಕ್ಸೇ ಕೈಬಿಟ್ಟಾಗ ಮತ್ತೊಂದು ಆಸರೆಯೆಂಬುದಿಲ್ಲ. ದೊಡ್ಡ ಯಂತ್ರಗಳಲ್ಲಿ ರೋಟರು ನಿಮಿಷಕ್ಕೆ ಸುಮಾರು 250 ಸುತ್ತು ಸುತ್ತುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಅಲಗುಗಳ ಬುಡವು ಒಮ್ಮೆ ಎಳೆಯಲ್ಪಟ್ಟು, ಒಮ್ಮೆ ಸಡಿಲಗೊಂಡು, ಕಣ್ಣಿಗೆ ಕಾಣದ ಆಯಾಸವನ್ನು ತನ್ನೊಳಗೆ ಸಂಚಯಿಸಿಕೊಳ್ಳುತ್ತದೆ. ಆದಕಾರಣವೇ ಅಂತಹ ಭಾಗಗಳಿಗೆ ಹಾರಾಟದ ಗಂಟೆಗಳ ಲೆಕ್ಕದಲ್ಲಿ ಆಯುಷ್ಯವನ್ನು ಗೊತ್ತುಮಾಡಿ, ಅದು ತೀರಿದೊಡನೆ, ಮುಖದಲ್ಲಿ ಎಷ್ಟೇ ಕಾಂತಿಯಿದ್ದರೂ, ಅವನ್ನು ತೆಗೆದು ಎಸೆಯತಕ್ಕದ್ದೆಂಬ ಶಾಸನವುಂಟು. ‘ನೋಡುವುದಕ್ಕೆ ಚೆನ್ನಾಗಿಯೇ ಇದೆಯಲ್ಲ’ ಎಂದು ಯಜಮಾನರು ಮರುಗುವುದು ಸಹಜ. ನಮ್ಮ ಗಾಡಿ ಹೊಡೆಯುವವನೂ ಮರುಗಬಲ್ಲವನೇ. ಆದರೂ ಕಡಾಣಿ ಸವೆದುದನ್ನು ಕಂಡಮೇಲೆ, ಮುಂದಿನ ಯುಗಾದಿಯವರೆಗೆ ನಡೆದೀತೆಂದು ಅವನು ಎತ್ತು ಹೂಡಿದ್ದನ್ನು ನಾನು ಕಂಡಿಲ್ಲ. ಅವನ ಗಾಡಿಯಾದರೋ ಹೆಚ್ಚೆಂದರೆ ಹಳ್ಳಕ್ಕೆ ವಾಲೀತು.

ಈಗ ತಮ್ಮ ಮಹಿಮೆಗೆ ಬರೋಣ. ಸಿಕೋರ್ಸ್‌ಕಿ ಸಂಸ್ಥೆಯವರ ಎಸ್-92 ಎಂಬ ಹೆಲಿಕಾಪ್ಟರಿನ ಮುಖ್ಯ ಗೇರ್‌ಬಾಕ್ಸಿಗೆ ಎಣ್ಣೆ ಸೋಸುವ ಒಂದು ಫಿಲ್ಟರ್ ಬಟ್ಟಲುಂಟು. ಅದನ್ನು ಹಿಡಿದಿದ್ದುದು ಟೈಟಾನಿಯಮ್ಮಿನ ಮೂರು ಸ್ಟಡ್ಡುಗಳು, ಎಂದರೆ ನಟ್ಟು ಬಿಗಿಯುವ ತಿರುಪಿನ ಕಡ್ಡಿಗಳು. ಆ ಸಂಸ್ಥೆಯ ಹಿಂದಿನ ಯಂತ್ರಗಳಲ್ಲಿ ಅದೇ ಲೋಹದ ಸ್ಟಡ್ಡುಗಳು ನಿರ್ವಿಘ್ನವಾಗಿ ಸೇವೆ ಸಲ್ಲಿಸಿದ್ದವು. ಈ ಯಂತ್ರದಲ್ಲಿ ಮಾತ್ರ ಫಿಲ್ಟರನ್ನು ಎಣಿಸಿದ್ದಕ್ಕಿಂತ ಹೆಚ್ಚು ಸಾರಿ ಬದಲಿಸಬೇಕಾಗಿ ಬಂದು, ಪ್ರತಿಸಲವೂ ನಟ್ಟುಗಳನ್ನು ಬಿಚ್ಚಿ, ಮಿತವ್ಯಯದ ದೃಷ್ಟಿಯಿಂದಲೋ ಏನೋ ಆ ಹಳೆಯ ನಟ್ಟುಗಳನ್ನೇ ಮತ್ತೆ ಬಿಗಿಯುತ್ತ, ಸ್ಟಡ್ಡಿನ ಥ್ರೆಡ್ಡು ಉಜ್ಜಿ ಕಿತ್ತುಹೋಗಿ, ಎಷ್ಟು ಬಿಗಿದರೂ ಬಿಗಿಯು ಸಾಲದಾಯಿತು. 2008ರ ಜುಲೈ ತಿಂಗಳಿನಲ್ಲಿ ಆಸ್ಟ್ರೇಲಿಯದ ಬ್ರೂಮ್ ಪಟ್ಟಣದ ಬಳಿ ಅಂತಹ ಸ್ಟಡ್ಡು ಮುರಿದು, ಗೇರ್‌ಬಾಕ್ಸಿನ ಎಣ್ಣೆಯೆಲ್ಲ ಹರಿದುಹೋಯಿತು. ಕೆಳಗೆ ನೆಲವಿದ್ದುದರಿಂದ ಚಾಲಕರು ಒಡನೆಯೇ ಇಳಿಸಿದರು, ಯಾರಿಗೂ ಅಪಾಯವಾಗಲಿಲ್ಲ.

ಯಾರಿಗೂ ಅಪಾಯವಾಗದಿದ್ದುದೇ ತಮ್ಮ ಪ್ರವೇಶಕ್ಕೆ ಶುಭಮುಹೂರ್ತವಾಯಿತು. ವಿಚಾರಣೆ, ಪರಾಮರ್ಶೆಗಳೆಲ್ಲ ಮುಗಿದು, 2009ರ ಜನವರಿ 28ರಂದು ಸಂಸ್ಥೆಯವರು ಬುಲೆಟಿನೊಂದನ್ನು ಹೊರಡಿಸಿದರು: ಟೈಟಾನಿಯಮ್ಮಿನ ಸ್ಟಡ್ಡುಗಳನ್ನು ತೆಗೆದು ಉಕ್ಕಿನವನ್ನು ಹಾಕತಕ್ಕದ್ದು. ಇಷ್ಟಕ್ಕೇ ವಾಕ್ಯ ಮುಗಿದಿದ್ದರೆ ತಮಗೆ ಈ ಪತ್ರವನ್ನು ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ. ಆದರೆ ವಾಕ್ಯದ ತುದಿಯಲ್ಲಿ ತಾವು ವಿರಾಜಮಾನರಾಗಿದ್ದಿರಿ: 1,250 ಹಾರಾಟದ ಗಂಟೆಗಳೊಳಗಾಗಿ, ಅಥವಾ ಒಂದು ವರ್ಷದೊಳಗಾಗಿ. ದುಂಡಾದ, ಸೌಮ್ಯವಾದ, ಯಾರ ದಿನಚರಿಗೂ ಭಂಗ ತಾರದ ಸಂಖ್ಯೆಗಳು! ಆ 1,250 ಗಂಟೆಗಳಲ್ಲಿ ರೋಟರು ಸುತ್ತುವ ಸುತ್ತುಗಳು ಎರಡು ಕೋಟಿಯ ಸಮೀಪಕ್ಕೆ ಬರುತ್ತವೆಂಬುದನ್ನು ಗಣಿತದಲ್ಲಿ ಹಿಂದುಳಿದ ನಾನೂ ಕಾಗದದ ಮೇಲೆ ಲೆಕ್ಕ ಹಾಕಬಲ್ಲೆ.

ಮಾರ್ಚ್ 12ರ ಬೆಳಿಗ್ಗೆ, ಕೆನಡಾದ ನ್ಯೂಫೌಂಡ್‌ಲೆಂಡಿನ ಸೇಂಟ್ ಜಾನ್ಸ್ ಪಟ್ಟಣದಿಂದ, ಕೂಗರ್ ಕಂಪನಿಯ ಎಸ್-92 ಒಂದು, ಸಮುದ್ರದ ನಡುವಣ ತೈಲಕ್ಷೇತ್ರಗಳ ಕಡೆಗೆ ಹದಿನೆಂಟು ಮಂದಿಯನ್ನು ಹೊತ್ತು ಹೊರಟಿತು. ಬುಲೆಟಿನಿನ ಪ್ರತಿಯು ಕಂಪನಿಗೆ ತಲುಪಿದ್ದಿತು, ತಾವಿನ್ನೂ ಯೌವನದಲ್ಲಿದ್ದಿರಿ. ಒಂದು ಸ್ಟಡ್ಡು ಮುರಿಯಿತು; ಅದರ ಬೆನ್ನಿಗೇ ಮತ್ತೊಂದು. ಒಂಬತ್ತು ಗಂಟೆ ನಲವತ್ತೈದು ನಿಮಿಷಕ್ಕೆ ಎಣ್ಣೆಯ ಒತ್ತಡ ಇಳಿದ ಎಚ್ಚರಿಕೆಯ ಕೆಂಪುದೀಪ ಹೊತ್ತಿತು; ಒಂಬತ್ತು ಐವತ್ತಾರಕ್ಕೆ ಹೆಲಿಕಾಪ್ಟರು ಅಟ್ಲಾಂಟಿಕ್ ಸಾಗರಕ್ಕೆ ಅಪ್ಪಳಿಸಿತು. ಹದಿನೇಳು ಮಂದಿ ತೀರಿಕೊಂಡರು, ಒಬ್ಬರು ಬದುಕಿದರು.

ಈ ಹನ್ನೊಂದು ನಿಮಿಷಗಳ ವಿಷಯದಲ್ಲಿ ತಮ್ಮ ದಾಯಾದಿಯೊಬ್ಬರನ್ನು ಸ್ಮರಿಸದೆ ಮುಂದುವರಿಯುವುದು ಕೃತಘ್ನತೆಯಾದೀತು. ‘ಅತ್ಯಂತ ವಿರಳ’ರೆಂದು ಅವರ ನಾಮಧೇಯ; ನಿಯಮಗಳ ಪುಸ್ತಕದಲ್ಲಿ ಅವರ ವಾಸ. ಇಂತಹ ಹೆಲಿಕಾಪ್ಟರಿನ ಗೇರ್‌ಬಾಕ್ಸು ಎಣ್ಣೆಯೆಲ್ಲ ಸೋರಿದ ಮೇಲೂ 30 ನಿಮಿಷಗಳ ಕಾಲ ನಡೆಯತಕ್ಕದ್ದೆಂದು ನಿಯಮ ಹೇಳುತ್ತದೆ. ಅಂತಹ ಸೋರಿಕೆಯು ಅತ್ಯಂತ ವಿರಳವಲ್ಲದಿದ್ದಲ್ಲಿ, ಎಂಬ ಒಂದು ಕಿಂಡಿಯನ್ನೂ ಅದರ ಪಕ್ಕದಲ್ಲೇ ಕೊರೆದಿಡುತ್ತದೆ. 2002ರಲ್ಲಿ ಎಣ್ಣೆಯನ್ನು ಬರಿದುಮಾಡಿ ಪರೀಕ್ಷಿಸಿದಾಗ ಈ ಗೇರ್‌ಬಾಕ್ಸು ಸುಮಾರು 11 ನಿಮಿಷಕ್ಕೆ ಪ್ರಾಣ ಬಿಟ್ಟಿದ್ದಿತು. ಮೂವತ್ತು ನಿಮಿಷ ಬಾಳುವಂತೆ ಅದನ್ನು ಪುನಃ ಕಟ್ಟುವುದು ಪ್ರಯಾಸದ ಮಾರ್ಗ. ಎಣ್ಣೆ ತಣಿಸುವ ಕೂಲರಿನ ಕಡೆ ಸೋರಿದರೆ ಆ ದಾರಿಯನ್ನು ಮುಚ್ಚುವ ಏರ್ಪಾಡೊಂದನ್ನು ಮಾಡಿ, ಇನ್ನುಳಿದ ಸೋರಿಕೆಗಳೆಲ್ಲ ಅತ್ಯಂತ ವಿರಳವೆಂದು ಸಾರುವುದು ಸುಗಮವಾದ ಮಾರ್ಗ. ಫಿಲ್ಟರಿನ ಬಟ್ಟಲೇ ಬಾಯಿ ಬಿಟ್ಟೀತೆಂಬುದು ಆ ವಿರಳರ ಕಲ್ಪನೆಗೂ ಎಟುಕಲಿಲ್ಲ. ಅರ್ಹತಾಪತ್ರ ದೊರೆಯಿತು. ಈ ಯಂತ್ರವು ಎಣ್ಣೆಯಿಲ್ಲದೆಯೂ ಅರ್ಧ ಗಂಟೆ ಹಾರಬಲ್ಲುದೆಂಬ ನಂಬಿಕೆ ಆ ವೃತ್ತಿಯವರಲ್ಲಿ ಹಬ್ಬಿದ್ದಿತಂತೆ. ಏಳು ವರ್ಷಗಳ ತರುವಾಯ, ನಡುಗಡಲಿನ ಮೇಲೆ, ಗೇರ್‌ಬಾಕ್ಸು ಪರೀಕ್ಷೆಯ ದಿನ ಹೇಳಿದ್ದನ್ನೇ ಹೇಳಿತು. ಈ ಪ್ರಕರಣದಲ್ಲಿ ಸಂಬಂಧಪಟ್ಟ ಸಕಲರ ಪೈಕಿ ಆಡಿದ ಮಾತಿಗೆ ತಪ್ಪದೆ ನಡೆದುಕೊಂಡುದು ಅದೊಂದೇ.

ಮಾರ್ಚ್ 23ರಂದು, ಎಂದರೆ ಅವಘಡವಾದ ಹನ್ನೊಂದನೆಯ ದಿನ, ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ನಿನವರು ತುರ್ತು ಆದೇಶ ಹೊರಡಿಸಿದರು: ಮುಂದಿನ ಹಾರಾಟಕ್ಕೆ ಮುನ್ನ ಸ್ಟಡ್ಡುಗಳನ್ನು ಬದಲಿಸತಕ್ಕದ್ದು. ಜನವರಿಯಲ್ಲಿ ಒಂದು ವರ್ಷವನ್ನು ಬೇಡಿದ್ದ ಕೆಲಸವೇ ಮಾರ್ಚಿನಲ್ಲಿ ಒಂದು ಹಾರಾಟದ ಅಂತರವನ್ನೂ ಬೇಡಲಿಲ್ಲ. ಸ್ಟಡ್ಡು ಅದೇ, ಸ್ಪ್ಯಾನರು ಅದೇ, ಕೆಲಸಗಾರನೂ ಅವನೇ. ತಯಾರಕರ ಬುಲೆಟಿನು ಸಲಹೆಯಾಗಿಯೂ, ಸರ್ಕಾರದ ಆದೇಶವು ಕಡ್ಡಾಯವಾಗಿಯೂ ಪರಿಗಣಿತವಾಗುವುದು ಆ ಲೋಕದ ಸಂಪ್ರದಾಯವೆಂದು ತಿಳಿದವರು ಹೇಳುತ್ತಾರೆ. ಒಂದು ಸಲಹೆಗೆ ಕಡ್ಡಾಯದ ಪದವಿಗೆ ಬಡ್ತಿ ದೊರೆಯಬೇಕಾದರೆ ಎಷ್ಟು ಮಂದಿಯ ಶಿಫಾರಸು ಬೇಕೆಂಬುದನ್ನು ತಾವು ಒಂದು ಸುತ್ತೋಲೆಯ ಮೂಲಕ ಶ್ರುತಪಡಿಸಿದಲ್ಲಿ, ನನ್ನಂತಹ ಪ್ರಯಾಣಿಕರು ಮುಂಚಿತವಾಗಿ ಸಿದ್ಧರಾಗಿರಬಹುದು.

ಹಾಗೆಂದು ಕಡ್ಡಾಯವೆಂಬ ಪದವೊಂದಿದ್ದರೆ ಸಾಕೆಂದೂ ನಾನು ಭ್ರಮಿಸಿಲ್ಲ. ಕೆನಡಾದ ಸಾರಿಗೆ ಸುರಕ್ಷಾ ಮಂಡಳಿಯವರು 2011ರ ಫೆಬ್ರವರಿಯಲ್ಲಿ ಹೊರತಂದ ವರದಿಯ ಪ್ರಕಾರ, ಹಾನಿಗೊಂಡ ಸ್ಟಡ್ಡುಗಳನ್ನು ಹುಡುಕಿ ತೆಗೆಯುವ ಕ್ರಮವು ಯಂತ್ರಪಾಲನೆಯ ಕೈಪಿಡಿಯಲ್ಲಿ ಕಡ್ಡಾಯವೆಂದೇ ಅಚ್ಚಾಗಿದ್ದಿತು; ಕಂಪನಿಯಲ್ಲಿ ಅದು ಸಮರ್ಪಕವಾಗಿ ಜಾರಿಗೆ ಬಂದಿರಲಿಲ್ಲ. ಅಚ್ಚಾದ ಕಡ್ಡಾಯದ ಪಕ್ಕದಲ್ಲಿ ಅಚ್ಚಾಗದ ವಾಯಿದೆಯೊಂದು ಕುಳಿತಿರುತ್ತದೆ. ಅದೂ ತಮ್ಮ ಸಂತಾನವೇ.

ತಮ್ಮ ಪಕ್ಷದ ವಾದವನ್ನೂ ಆಲಿಸದಿದ್ದರೆ ಅನ್ಯಾಯವಾದೀತು. ಹೊಸ ಭಾಗಗಳು ತಯಾರಾಗಬೇಕು, ಹಡಗಿನಲ್ಲೋ ವಿಮಾನದಲ್ಲೋ ಬಂದು ತಲುಪಬೇಕು. ಲೋಕದ ಹೆಲಿಕಾಪ್ಟರುಗಳನ್ನೆಲ್ಲ ಒಂದೇ ದಿನ ನಿಲ್ಲಿಸಿದರೆ ಕಡಲ ನಡುವಣ ಕೆಲಸಗಾರನು ಅಲ್ಲಿಯೇ ಉಳಿಯುತ್ತಾನೆ, ರೋಗಿಯು ಬೆಟ್ಟದ ಮೇಲೆಯೇ ಉಳಿಯುತ್ತಾನೆ. ಪ್ರತಿಯೊಂದು ಸವೆತಕ್ಕೂ ಕೂಡಲೇ ಪ್ರಳಯ ಬರುವುದಿಲ್ಲವೆಂಬುದೂ ನಿಜ. ಸ್ಟಡ್ಡಿನ ಬಾಳು ಎಷ್ಟೆಂದು ಅಳೆದು, ಅದಕ್ಕಿಂತ ಬಹಳ ಮೊದಲೇ ಮುಗಿಯುವಂತೆ ಗೊತ್ತುಮಾಡಿದ ವಾಯಿದೆಗೆ ನನ್ನ ತಕರಾರಿಲ್ಲ, ಅದು ವಿಜ್ಞಾನ. ಅಂಗಡಿಯ ದಾಸ್ತಾನು, ಹಾರಾಟದ ವೇಳಾಪಟ್ಟಿ, ವರ್ಷಾಂತ್ಯದ ಜಮಾಖರ್ಚುಗಳನ್ನು ಅಳೆದು, ಬಂದ ಉತ್ತರವನ್ನು ಸ್ಟಡ್ಡಿನ ಆಯುಷ್ಯವೆಂದು ಬರೆಯುವುದಕ್ಕೆ ಮಾತ್ರ ನಮ್ಮ ಕಡೆ ಜಾತಕ ತಿದ್ದುವುದೆಂದು ಕರೆಯುತ್ತಾರೆ.

ಲೋಹವು ಮೂಕವೆಂಬ ಆಕ್ಷೇಪವೂ ಸಲ್ಲದು. ಅದೇ 2009ರ ಮಾರ್ಚ್ 25ರಂದು, ಸ್ಕಾಟ್ಲೆಂಡಿನ ತೈಲಕ್ಷೇತ್ರಗಳಿಗೆ ಹಾರುತ್ತಿದ್ದ ಸೂಪರ್ ಪ್ಯೂಮ ಹೆಲಿಕಾಪ್ಟರೊಂದರ ಗೇರ್‌ಬಾಕ್ಸಿನಲ್ಲಿ ಲೋಹದ ಚೂರೊಂದು ದೊರೆಯಿತು. ಆ ಚೂರು ಒಳಗಿನಿಂದ ಬಂದ ಅರ್ಜಿ. ಅರ್ಜಿಯು ಸರಿಯಾಗಿ ಓದಲ್ಪಡದೆ ಏಳು ದಿನ ಕಳೆದು, ಏಪ್ರಿಲ್ 1ರಂದು ಗೇರ್‌ಬಾಕ್ಸಿನೊಳಗಿನ ಪ್ಲಾನೆಟ್ ಗೇರು ಸೀಳಿ, ರೋಟರೇ ಕಳಚಿಕೊಂಡು ಹದಿನಾರು ಮಂದಿ ಮಡಿದರು. 2016ರ ಏಪ್ರಿಲ್ 29ರಂದು ನಾರ್ವೆಯ ತುರ್‌ಓಯ್ ದ್ವೀಪದ ಬಳಿ ಅದೇ ವಂಶದ ಮತ್ತೊಂದು ಹೆಲಿಕಾಪ್ಟರು, ಅದೇ ಬಗೆಯ ಪ್ಲಾನೆಟ್ ಗೇರು ಸೀಳಿ, ಹದಿಮೂರು ಮಂದಿಯೊಡನೆ ನೆಲಕ್ಕುರುಳಿತು. ಆ ಸಲ ಲೋಹದ ಅರ್ಜಿಯೂ ಬಂದಿರಲಿಲ್ಲ. ಗೇರಿನ ಒಂದು ಮಾದರಿಯನ್ನು ಸೇವೆಯಿಂದ ಹೊರಹಾಕಿ, ಇನ್ನೊಂದರ ಆಯುಷ್ಯವನ್ನು ತಗ್ಗಿಸಿದುದು ಆ ಬಳಿಕ.

ನಮ್ಮ ಊರಿನ ಪ್ರಸ್ತಾಪವೊಂದನ್ನೂ ಮಾಡಿಬಿಡುತ್ತೇನೆ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಹುಟ್ಟಿದ ಧ್ರುವ್ ಹೆಲಿಕಾಪ್ಟರುಗಳಲ್ಲೊಂದು 2025ರ ಜನವರಿ 5ರಂದು ಪೋರಬಂದರಿನಲ್ಲಿ ಬಿದ್ದು, ಕರಾವಳಿ ರಕ್ಷಣಾ ಪಡೆಯ ಮೂವರು ಅಸುನೀಗಿದರು. ರೋಟರಿನ ಅಲಗುಗಳಿಗೆ ಚಾಲಕನ ಆಜ್ಞೆಯನ್ನು ಮುಟ್ಟಿಸುವ ಸ್ವಾಶ್‌ಪ್ಲೇಟು ಬಿರಿದಿದ್ದಿತೆಂದು ವರದಿಯಾಯಿತು. ಆಮೇಲೆ ತಮ್ಮನ್ನು ಬಾಗಿಲಿನಲ್ಲೇ ತಡೆದು, ದೇಶದ ಧ್ರುವ್ ಸಮೂಹವನ್ನೇ ನೆಲದ ಮೇಲೆ ಕೂರಿಸಿದರು. ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನ ನಡೆದಾಗ, ನವಿಲಿನ ಚಿತ್ತಾರ ಹೊತ್ತ ಧ್ರುವ್‌ಗಳನ್ನು ಕುಣಿಸುವ ಸಾರಂಗ ತಂಡದ ಹಾರಾಟವಿಲ್ಲದೆಯೇ ಜನ ಕತ್ತೆತ್ತಿ ನೋಡಿ ಮನೆಗೆ ಹೋದರು. ತಾವಿಲ್ಲದೆಯೂ ಲೋಕ ನಡೆಯುತ್ತದೆಂಬುದಕ್ಕೆ ಇದು ಸಾಕಷ್ಟು ಪುರಾವೆ. ಮೂವರು ಹೋಗುವುದಕ್ಕೆ ಮೊದಲೇ ತಮ್ಮನ್ನು ತಡೆಯುವ ಜವಾನನನ್ನು ನೇಮಿಸುವುದಕ್ಕೆ ಯಾವ ಇಲಾಖೆಗೆ ಅರ್ಜಿ ಹಾಕಬೇಕೆಂಬುದನ್ನು ವಿಚಾರಿಸುತ್ತಿದ್ದೇನೆ.

ಆದಕಾರಣ ನನ್ನ ಬಿನ್ನಹವಿಷ್ಟು. ತಾವು ದೊಡ್ಡ ಮನಸ್ಸು ಮಾಡಿ, ಹೆಲಿಕಾಪ್ಟರುಗಳ ನೆತ್ತಿಯಿಂದ ಇಳಿದು, ಭೂಕಂದಾಯದ ಇಲಾಖೆಗೆ ವರ್ಗಾವಣೆಯನ್ನು ಒಪ್ಪಿಕೊಳ್ಳಬೇಕು. ಅಲ್ಲಿ ತಮ್ಮನ್ನು ಎದುರುನೋಡುವ ರೈತರು ಇಂದಿಗೂ ಇದ್ದಾರೆ. ಹೊರಡುವ ಮುನ್ನ, ಪದ್ಧತಿಯ ಪ್ರಕಾರ, ಚಾರ್ಜು ಒಪ್ಪಿಸುವಾಗ ಒಂದು ಬಾಕಿಯನ್ನು ಚುಕ್ತಾ ಮಾಡತಕ್ಕದ್ದು. ಜನವರಿ 28ರಂದು ತಾವು ಕೊಟ್ಟ ಒಂದು ವರ್ಷದಲ್ಲಿ, ಮಾರ್ಚ್ 12ರ ಹೊತ್ತಿಗೆ ಖರ್ಚಾಗಿದ್ದುದು 43 ದಿನಗಳು ಮಾತ್ರ. ಉಳಿದ 322 ದಿನಗಳು ಮುಟ್ಟದೆ ಹಾಗೆಯೇ ಇವೆ. ಹದಿನೇಳು ಖಾತೆಗಳಿಗೆ ಸಮನಾಗಿ ಹಂಚಿದರೆ ತಲಾ ಹತ್ತೊಂಬತ್ತು ದಿನಗಳಿಗೆ ಕೊಂಚ ಕಡಿಮೆಯಾಗುತ್ತದೆ. ಈ ದಿನಗಳನ್ನು ಯಾರ ಹೆಸರಿಗೆ, ಯಾವ ಬಾಬಿನಲ್ಲಿ ಜಮಾ ಮಾಡಬೇಕೆಂಬುದನ್ನು ಮರುಟಪಾಲಿನಲ್ಲಿ ತಿಳಿಸಬೇಕಾಗಿ ಪ್ರಾರ್ಥನೆ.

ಇಂತು ತಮ್ಮ ವಿಧೇಯ,
ಕಿಟಕಿಯ ಪಕ್ಕದ ಒಬ್ಬ ಪ್ರಯಾಣಿಕ